ಬೇಶೆನ್ ಬಾಗಿಲಲ್ಲಿ ಬಿದ್ದ ಲದ್ದಿ

ಮೈರಮ್ ನಮ್ಮ ತಾಶ್-ಕೊಯುನ್ ಹಳ್ಳಿಗೆ ಸೊಸೆಯಾಗಿ ಬಂದ ವರ್ಷ ಹಿಮ ಬೇಗ ಬಿತ್ತು. ಅವಳು ದಕ್ಷಿಣದ ನೂಕತ್ ಕಡೆಯವಳು. ಅಲ್ಲಿ ಅಂಗಳದಲ್ಲಿ ಉಗಿದ ಬೀಜವೂ ಗಿಡವಾಗುತ್ತದಂತೆ. ನಮ್ಮಲ್ಲಿ ಕೈಮುಗಿದು ನೆಟ್ಟ ಗಿಡವೂ ಮುಖ ಊದಿಸಿಕೊಂಡು ನಿಲ್ಲುತ್ತದೆ. ಆಲೂಗಡ್ಡೆ, ಬಾರ್ಲಿ, ಅವೆರಡು ಬಿಟ್ಟರೆ ಕಲ್ಲು. ಅತ್-ಬಾಶಿ ಬೆಟ್ಟದಿಂದ ಇಳಿಯುವ ಗಾಳಿ ಏಪ್ರಿಲ್‌ವರೆಗೂ ಕಿವಿ ಕಚ್ಚುತ್ತಲೇ ಇರುತ್ತದೆ.

ದಕ್ಷಿಣದವರು ಎಲ್ಲರನ್ನೂ ಬಹುವಚನದಲ್ಲಿ ಮಾತಾಡಿಸುತ್ತಾರೆ. ಮೈರಮ್ ಅಂತೂ ಹಸುವಿಗೂ "ಸ್ವಲ್ಪ ಆಚೆ ಸರೀರಿ" ಎನ್ನುತ್ತಿದ್ದಳು. ನಾಯಿಗೆ "ಸುಮ್ನಿರಿ, ಬೊಗಳ್ಬೇಡಿ" ಎನ್ನುತ್ತಿದ್ದಳು. ಎಷ್ಟು ಮರ್ಯಾದಸ್ಥ ಹುಡುಗಿ ಎಂದು ನಮ್ಮ ಬೀದಿಯೆಲ್ಲ ಮೆಚ್ಚಿತು. ಆ ಮರ್ಯಾದೆಯ ಸೆರಗಿನೊಳಗೆ ಏನೇನಿದೆ ಎಂದು ನಮಗೆ ತಿಳಿಯುವಷ್ಟರಲ್ಲಿ ಚಳಿಗಾಲವೇ ಮುಗಿಯುತ್ತಾ ಬಂದಿತ್ತು.

ಅವಳಿಗೆ ಇನ್ನೊಂದು ಪೇಚಾಟವಿತ್ತು. ಸೊಸೆಯಾದವಳು ಗಂಡನ ಕಡೆಯ ಹಿರಿಯರ ಹೆಸರನ್ನು ಬಾಯಿಬಿಟ್ಟು ಹೇಳುವಂತಿಲ್ಲ. ಮಾವನ ಹೆಸರು ಬೇಶೆನ್, ಅಂದರೆ ಗುರುವಾರ ಹುಟ್ಟಿದವನು. ಮಾವನ ದೊಡ್ಡಪ್ಪನ ಮಗ, ಎದುರು ಮನೆಯ ಶಾರ್ಶೆನ್, ಬುಧವಾರ ಹುಟ್ಟಿದವನು. ನಮ್ಮ ಮಾತಿನಲ್ಲಿ ವಾರದ ಹೆಸರೇ ಇವರ ಹೆಸರು. ಹಾಗಾಗಿ ಮೈರಮ್ ಬುಧವಾರಕ್ಕೆ "ಮಂಗಳವಾರದ ಮಾರನೇ ದಿನ" ಎಂದೂ ಗುರುವಾರಕ್ಕೆ "ಶುಕ್ರವಾರದ ಹಿಂದಿನ ದಿನ" ಎಂದೂ ಹೇಳಿ ವಾರ ಕಳೆಯಬೇಕಾಗಿತ್ತು. ಹಾಗೆ ಹೇಳುವಾಗ ಅವಳ ತುಟಿಯ ಒಂದು ಮೂಲೆ ಮಾತ್ರ ಸ್ವಲ್ಪ ಮೇಲಕ್ಕೆ ಹೋಗುತ್ತಿತ್ತು.

ಈ ಬುಧವಾರಕ್ಕೂ ಗುರುವಾರಕ್ಕೂ ಹುಟ್ಟಿದಾಗಿನಿಂದ ಎಣ್ಣೆ-ಸೀಗೆಕಾಯಿ. "ಬುಧವಾರ ಯಾವತ್ತಿದ್ರೂ ಗುರುವಾರಕ್ಕಿಂತ ಮುಂದೇನೇ ಕಣೋ" ಎಂದು ಶಾರ್ಶೆನ್ ಸಿಕ್ಕಿದಲ್ಲೆಲ್ಲ ಚುಚ್ಚುತ್ತಿದ್ದ. ಬೇಶೆನ್ ಹಲ್ಲು ಕಚ್ಚಿಕೊಂಡು ಹೋಗುತ್ತಿದ್ದ. ಅವನು ಮಾಡುವುದಾದರೂ ಏನು? ಶಾರ್ಶೆನ್ ಮನೆ ಅಂಗಡಿಯ ಮಗ್ಗುಲಲ್ಲೇ ಇತ್ತು. ಲಾಯದ ತುಂಬ ಕುದುರೆ. ಬಾಗಿಲ ಮುಂದೆ ಕುದುರೆ ಕಟ್ಟುವ ಗಟ್ಟಿ ಕಂಬ. ಬೆಟ್ಟದ ಮೇಲಿನ ಕುರಿಗಾಹಿಗಳು ಹಿಟ್ಟು, ಚಹಾಪುಡಿ ಕೊಳ್ಳಲು ಇಳಿದರೆ ಅಲ್ಲೇ ಕುದುರೆ ಕಟ್ಟಿ ಒಳಗೆ ಹೋಗಿ ಕೂರುತ್ತಿದ್ದರು. ಬೇಶೆನ್‌ಗೆ ಇದ್ದದ್ದೇ ಒಂದು ಕುದುರೆ, ಅದೂ ಮಗ ಎರ್ನಿಸ್‌ನ ಮದುವೆಯಲ್ಲಿ ಹೆಣ್ಣಿನ ಕಡೆಯವರಿಗೆ ಉಡುಗೊರೆಯಾಗಿ ನೂಕತ್‌ಗೆ ಹೋಯಿತು. ಅಂದಿನಿಂದ ಬೇಶೆನ್ ನಡೆದೇ ಓಡಾಡುತ್ತಿದ್ದ. ನಮ್ಮ ಕಡೆ ಕುದುರೆ ಇಲ್ಲದೆ ನಡೆಯುವ ಮುದುಕನನ್ನು ಜನ ನೋಡುತ್ತಾರೆ, ನಿಂತು ಮಾತಾಡಿಸುವುದಿಲ್ಲ.

ಮೈರಮ್‌ಗೆ ಆಗ ಇದ್ಯಾವುದರ ಮೇಲೂ ಗಮನವಿರಲಿಲ್ಲ. ಅವಳಿಗೆ ಬೇಕಾದದ್ದು ಮಣ್ಣು. ವಸಂತದಲ್ಲಿ ಒಂದಿಷ್ಟು ಸೊಪ್ಪು, ಈರುಳ್ಳಿ ಬೆಳೆಯಬೇಕೆಂದು ಅಂಗಳ ಅಗೆದು ನೋಡಿದರೆ ಗುದ್ದಲಿಯಿಂದ ಕಿಡಿ ಹಾರಿತು. ಇಲ್ಲದ ಮಣ್ಣನ್ನು ತಾನೇ ಮಾಡುತ್ತೇನೆಂದು ಅವಳು ಕೊಟ್ಟಿಗೆಯ ಗೋಡೆಯ ಮೂಲೆಯಲ್ಲಿ ಅಡುಗೆಮನೆಯ ಕಸ ಒಟ್ಟತೊಡಗಿದಳು. ಕಸವೆಂದರೆ ಎಷ್ಟು? ಸಿಪ್ಪೆಯೆಲ್ಲ ಹಸುವಿಗೆ. ರೊಟ್ಟಿಯ ಚೂರನ್ನು ಬಿಸಾಡುವ ಮಾತೇ ಇಲ್ಲ. ಉಳಿಯುವುದು ಕುದಿಸಿದ ಚಹಾಸೊಪ್ಪು, ಈರುಳ್ಳಿ ಸಿಪ್ಪೆ, ಮೊಟ್ಟೆ ಓಡು, ಕೊಳೆತ ಆಲೂಗಡ್ಡೆ, ಹುಲ್ಲಿನ ಹೊಟ್ಟು, ಕುರಿಯ ಉಣ್ಣೆ ಕತ್ತರಿಸಿದಾಗ ಉದುರಿದ ಕೊಳಕು ತುಪ್ಪಟ.

ಅತ್ತೆ ಬುರುಲ್ ಸೊಂಟದ ಮೇಲೆ ಕೈಯಿಟ್ಟು ನಿಂತು ನೋಡಿದಳು.

"ಏನೇ ಇದು? ಯಾರಿಗಾದ್ರೂ ಗೋರಿ ಕಟ್ತಿದ್ದೀಯ?"

"ಗೊಬ್ಬರ ಮಾಡ್ತಿದ್ದೀನಿ ಅತ್ತೆ. ಕೊಳೆತು ಮಣ್ಣಾಗುತ್ತೆ. ಒಂದೆರಡು ಬುಟ್ಟಿ ಸಗಣಿ ಕೊಟ್ರೆ ಬೇಗ ಆಗುತ್ತೆ."

"ಸಗಣಿ?" ಬುರುಲ್‌ಗೆ ತಪ್ಪಾಗಿ ಕೇಳಿಸಿತೇನೋ ಎಂಬಂತಾಯಿತು. "ನನ್ನ ಸಗಣಿ?"

ಬುರುಲ್‌ಳ ಬೆರಣಿ ಅಂದರೆ ಊರಿಗೇ ಗೊತ್ತು. ಬೇಸಿಗೆಯಿಡೀ ತಟ್ಟಿ, ಒಣಗಿಸಿ, ಕೊಟ್ಟಿಗೆಯ ಹಿಂದೆ ಕೋಟೆಯ ಗೋಡೆಯ ಹಾಗೆ ಪೇರಿಸುತ್ತಿದ್ದಳು. ಕಲ್ಲಿದ್ದಲು ದುಬಾರಿಯಾದ ಮೇಲೆ ಆ ಗೋಡೆಯೇ ಆ ಮನೆಯ ಜೀವ.

"ಒಲೆಗೆ ಇಡೋದನ್ನ ಮಣ್ಣಿಗೆ ಇಡ್ತಾಳಂತೆ! ನಿಮ್ಮೂರಲ್ಲಿ ಸೂರ್ಯ ಪುಕ್ಕಟೆ ಕಣೇ. ಇಲ್ಲಿ ನಾವು ಸೂರ್ಯನ್ನ ಕೈಯಲ್ಲಿ ತಟ್ಟಿ ಒಣಗಿಸ್ಕೋಬೇಕು. ಒಂದು ಹಿಡಿ ಮುಟ್ಟಿದ್ರೆ ನೋಡು!"

ಮೊದಲ ರಾಶಿ ಹೆಪ್ಪುಗಟ್ಟಿತು. ಮೈರಮ್ ಒಂದು ಬೆಳಗ್ಗೆ ಕೋಲಿನಿಂದ ಚುಚ್ಚಿದರೆ ಕೋಲು ಟಣ್ ಎಂದು ಹಿಂದಕ್ಕೆ ಹಾರಿ ಅವಳ ಹಣೆಗೇ ಬಡಿಯಿತು. ಮ್ಯಾಗ್ಪೈ ಹಕ್ಕಿಗಳು ಮೊಟ್ಟೆಯೋಡು ಎಳೆದಾಡುತ್ತಿದ್ದವು. ಬುರುಲ್ ಕಿಟಕಿಯಿಂದ ನೋಡಿ ನಕ್ಕಿದ್ದು ನಮ್ಮ ಮನೆಗೂ ಕೇಳಿಸಿತು.

ಮೈರಮ್ ಅಪ್ಪನಿಗೆ ಫೋನ್ ಮಾಡಿದಳು. ಅವನು ನೂಕತ್‌ನಲ್ಲಿ ಗಾಜಿನ ಕೆಳಗೆ ಸೌತೆಕಾಯಿ ಬೆಳೆದು ಎಲ್ಲರಿಗಿಂತ ಮೊದಲು ಸಂತೆಗೆ ಒಯ್ಯುವವನು.

"ಕುದುರೆ ಲದ್ದಿ ಹಾಕು ಮಗಳೇ," ಎಂದ ಅಪ್ಪ. "ಹಸು ತಣ್ಣಗಿನ ಪ್ರಾಣಿ, ಕುದುರೆ ಬಿಸಿ. ಅಗಲ ಮಾಡ್ಬೇಡ, ಎತ್ತರ ಮಾಡು. ನಿನ್ನ ಎದೆಮಟ್ಟ ಬರ್ಲಿ. ಸಣ್ಣ ರಾಶಿ ಒಂಟಿ ಮನುಷ್ಯನ ಹಾಗೆ, ಚಳೀಲಿ ಸತ್ತೋಗುತ್ತೆ. ದೊಡ್ಡದು ತನ್ನನ್ನ ತಾನೇ ಬೆಚ್ಚಗೆ ಇಟ್ಕೊಳ್ಳುತ್ತೆ. ಸುತ್ತ ಹುಲ್ಲಿನ ಅಂಗಿ ಹೊದಿಸು. ಒಣಗೋಕೆ ಬಿಡ್ಬೇಡ, ನೆನೆಯೋಕೂ ಬಿಡ್ಬೇಡ."

"ನಮ್ಮಲ್ಲಿ ಕುದುರೆ ಇಲ್ವಲ್ಲಪ್ಪ."

"ಹೌದಲ್ವಾ. ನಿಮ್ಮ ಕುದುರೆ ನಮ್ಮನೇಲಿದೆ," ಎಂದ ಅಪ್ಪ ಸಂತೋಷದಿಂದ. "ತುಂಬಾ ಒಳ್ಳೇ ಕುದುರೆ. ಲದ್ದಿ ಚೆನ್ನಾಗಿ ಹಾಕ್ತದೆ."

ಮೈರಮ್ ಫೋನ್ ಇಟ್ಟು ಬಾಗಿಲಿಗೆ ಬಂದು ನಿಂತಳು. ಎದುರುಗಡೆ ಶಾರ್ಶೆನ್‌ನ ಕಂಬದಲ್ಲಿ ಕುರಿಗಾಹಿಗಳ ಮೂರು ಕುದುರೆ. ಅವುಗಳ ಹಿಂದೆ ಹಿಮದ ಮೇಲೆ ಹಬೆಯಾಡುವ ಸಂಪತ್ತು. ನೋಡುತ್ತಿದ್ದಂತೆ ಹಬೆ ನಿಂತು ಅದು ಕಲ್ಲಾಯಿತು. ಯಾರಿಗೂ ಬೇಡ. ಹಾಗೆಂದು ಹೊಸ ಸೊಸೆ ಬಕೆಟ್ ಹಿಡಿದು ಎದುರು ಮನೆಯ ಮುಂದೆ ಬಗ್ಗಿ ನಿಂತರೆ ಬೇಶೆನ್‌ನ ಮಾನ ಉಳಿಯುತ್ತದೆಯೇ? ಅವಳು ಹೋಗುವಂತಿಲ್ಲ. ಕುದುರೆಗಳೇ ಬರಬೇಕು.

ಬೇಶೆನ್‌ನ ಬಾಗಿಲ ಪಕ್ಕದಲ್ಲೂ ಒಂದು ಹಳೆಯ ಕಂಬವಿತ್ತು. ವರ್ಷಗಳಿಂದ ಅದಕ್ಕೆ ಯಾರೂ ಹಗ್ಗ ಸುತ್ತಿರಲಿಲ್ಲ. ಮೈರಮ್ ಮರುದಿನ ಅದರ ಬುಡದ ಹಿಮ ಗುಡಿಸಿದಳು. ಒಂದು ಗೋಣಿಯಲ್ಲಿ ಬೇಸಿಗೆಯ ಒಳ್ಳೆಯ ಹುಲ್ಲು ತುಂಬಿ ಕಂಬದ ಹಿಂದೆ, ರಸ್ತೆಗೆ ಕಾಣದ ಹಾಗೆ, ಕುದುರೆಯ ಮೂಗಿಗೆ ಸಿಗುವ ಹಾಗೆ ನೇತುಹಾಕಿದಳು. ಅದರ ಕೆಳಗೆ ಒಂದು ಉಂಡೆ ಕಲ್ಲುಪ್ಪು ಇಟ್ಟಳು.

ಮೊದಲು ಬಂದದ್ದು ಒಂದು ಬೂದು ಕುದುರೆ. ಸವಾರ ಎಷ್ಟು ಎಳೆದರೂ ಕೇಳಲಿಲ್ಲ. "ಇದಕ್ಕೇನು ಬಂತೋ" ಎಂದು ಬೈಯುತ್ತಾ ಅವನು ಅಲ್ಲೇ ಇಳಿದ. ಒಬ್ಬರ ಬಾಗಿಲಲ್ಲಿ ಕುದುರೆ ಕಟ್ಟಿದ ಮೇಲೆ ಒಳಗೆ ಹೋಗಿ ಸಲಾಂ ಹೇಳದಿದ್ದರೆ ಆಗುತ್ತದೆಯೇ? ಒಳಗೆ ಹೋದ. ಬೇಶೆನ್ ಗಾಬರಿಯಿಂದ ಎದ್ದು ನಿಂತ.

"ಯಾರಾದ್ರೂ ತೀರಿಕೊಂಡ್ರಾ?" ಎಂದು ಕೇಳಿದ. ಅವನ ಮನೆಗೆ ಜನ ಬರುತ್ತಿದ್ದದ್ದು ಅಂಥ ಸುದ್ದಿ ಹೇಳಲಿಕ್ಕೆ ಮಾತ್ರ.

"ಇಲ್ಲ ಅಕ್ಸಕಾಲ್, ಸುಮ್ನೆ ಬಂದೆ."

ಅಕ್ಸಕಾಲ್! ಬಿಳಿಗಡ್ಡದ ಹಿರಿಯರು ಎನ್ನುವ ಆ ಮಾತು ಬೇಶೆನ್‌ನ ಗಡ್ಡಕ್ಕೆ ಅಷ್ಟು ದಿನದಿಂದ ಬಾಕಿಯಿತ್ತು. ಅವನು ಅತಿಥಿಯನ್ನು ಬಾಗಿಲಿಗೆ ಎದುರಾದ ಮರ್ಯಾದೆಯ ಜಾಗದಲ್ಲಿ ಕೂರಿಸಿದ. ಬುರುಲ್ ಬೋರ್ಸೋಕ್ ಕರಿಯಲು ಹಿಟ್ಟು ತಟ್ಟಿದಳು. ಹೊರಗೆ ಮೈರಮ್ ಬಾಗಿಲ ಹಿಂದೆ ಬಕೆಟ್ ಹಿಡಿದು ಕಿವಿಗೊಟ್ಟು ನಿಂತಿದ್ದಳು.

"ದೊಡ್ಡೋರೇ, ದಾಕ್ಷಿಣ್ಯ ಮಾಡ್ಕೋಬೇಡಿ," ಎಂದು ಕುದುರೆಗೆ ಮೆಲ್ಲಗೆ ಹೇಳಿದಳು. "ನಿಮ್ಮನೆ ಅಂದ್ಕೊಳ್ಳಿ."

ಕುದುರೆ ದಾಕ್ಷಿಣ್ಯ ಮಾಡಿಕೊಳ್ಳಲಿಲ್ಲ. ಬಿದ್ದ ಕೂಡಲೇ ಬಾಚಿ, ಬಕೆಟ್ಟಿಗೆ ಹಳೆಯ ಕುರಿಚರ್ಮ ಮುಚ್ಚಿ, ಮಗುವನ್ನು ಎತ್ತಿಕೊಂಡು ಓಡುವ ಹಾಗೆ ಅವಳು ಕೊಟ್ಟಿಗೆಯ ಮೂಲೆಗೆ ಓಡಿದಳು.

ಒಂದು ಕುದುರೆ ಕಂಡದ್ದು ಹತ್ತು ಕುದುರೆಗೆ ತಿಳಿಯಿತು. ಬೆಟ್ಟದಿಂದ ಇಳಿದ ಪ್ರತಿಯೊಂದು ಕುದುರೆಯೂ ಬೇಶೆನ್‌ನ ಕಂಬಕ್ಕೇ ಮೂಗು ತಿರುಗಿಸಿತು. ಕಡೆಗೆ ಶಾರ್ಶೆನ್‌ನ ಸ್ವಂತ ಕೆಂಗಂದು ಕುದುರೆಯೂ ಹಗ್ಗ ಬಿಚ್ಚಿದರೆ ಸಾಕು, ಯಜಮಾನನ ಮುಖವನ್ನೂ ನೋಡದೆ ರಸ್ತೆ ದಾಟತೊಡಗಿತು.

ಮೈರಮ್ ಎರಡು ಹಳೆಯ ಬಾಗಿಲು, ಲಾರಿಯ ಮುರುಕು ಹಲಗೆ ಸೇರಿಸಿ ಎದೆಮಟ್ಟದ ಪೆಟ್ಟಿಗೆ ಕಟ್ಟಿದಳು. ರಸ್ತೆಯ ಹಿಮ ತಳ್ಳುವ ಕೆಲಸದಿಂದ ವಾರಕ್ಕೊಮ್ಮೆ ಮನೆಗೆ ಬರುತ್ತಿದ್ದ ಎರ್ನಿಸ್ ಏನೂ ಕೇಳದೆ ಮೊಳೆ ಹೊಡೆದುಕೊಟ್ಟ. ಅವನಿಗೆ ಹೆಂಡತಿಯನ್ನು ಕಂಡರೆ ಪ್ರೀತಿ, ಅಮ್ಮನನ್ನು ಕಂಡರೆ ಭಯ. ಎರಡೂ ಇರುವವನು ಪ್ರಶ್ನೆ ಕೇಳುವುದಿಲ್ಲ. ಹಲಗೆಯ ಒಳಮಗ್ಗುಲಿಗೆ ಮೊಣಕೈಯುದ್ದ ದಪ್ಪ ಒಣಹುಲ್ಲು. ನಡುವೆ ಒಂದು ಪದರ ಲದ್ದಿ, ಒಂದು ಪದರ ಹೊಟ್ಟು, ಒಂದು ಪದರ ಕೊಡಲಿಯಿಂದ ಕೊಚ್ಚಿದ ಅಡುಗೆಮನೆಯ ಕಸ. ಒಣಗಿತು ಅನ್ನಿಸಿದರೆ ಅತಿಥಿಗಳು ಕುಡಿದು ಬಿಟ್ಟ ಬೆಚ್ಚನೆಯ ಚಹಾ. ಮೇಲೆ ಹೊದಿಸಲು ನುಸಿ ತಿಂದ ಒಂದು ಹಳೆಯ ಕಂಬಳಿ ಅಟ್ಟದಲ್ಲಿ ಸಿಕ್ಕಿತು. ಅದು ಬುರುಲ್ ತನ್ನ ತವರಿನಿಂದ ತಂದ ಉಣ್ಣೆಯ ಹಾಸು, ಆದರೆ ಯಾರದೆಂದು ಮೈರಮ್ ಕೇಳಲಿಲ್ಲ. ಕೇಳಿದರೆ ಗೊತ್ತಾಗಿಬಿಡುತ್ತದಲ್ಲ.

ಇತ್ತ ಬೇಶೆನ್ ಬದಲಾಗುತ್ತಿದ್ದ. ಬೆಳಗ್ಗೆದ್ದು ಗಡ್ಡ ಬಾಚುತ್ತಿದ್ದ. ಬಿಳಿಯ ಉಣ್ಣೆಟೋಪಿ ಹಾಕಿಕೊಂಡು ಕಿಟಕಿಯ ಬಳಿ ಕೂರುತ್ತಿದ್ದ.

"ನೋಡಿದ್ಯಾ ಬುರುಲ್," ಎಂದ ಒಂದು ದಿನ. "ಮನುಷ್ಯನ ಬೆಲೆ ತಡವಾಗಿಯಾದ್ರೂ ಜನಕ್ಕೆ ಗೊತ್ತಾಗುತ್ತೆ."

"ಹಿಟ್ಟಿನ ಮೂಟೆಗೂ ಗೊತ್ತಾಗ್ತಿದೆ," ಎಂದಳು ಬುರುಲ್. "ತಳ ಕಾಣ್ತಿದೆ."

ಬುರುಲ್‌ಗೆ ಗುಟ್ಟು ತಿಳಿದದ್ದು ಬೆಂಕಿಯ ನೆಪದಲ್ಲಿ. ಜನವರಿಯ ಒಂದು ಬೆಳಗ್ಗೆ, ಹಾಲು ಕರೆದು ಹೊರಗೆ ಬಂದರೆ ಕೊಟ್ಟಿಗೆಯ ಮೂಲೆಯಲ್ಲಿ ಹೊಗೆ! ಪಕ್ಕದಲ್ಲೇ ಅವಳ ಬೆರಣಿಯ ಕೋಟೆ. "ಬೆಂಕಿ! ಬೆಂಕಿ ಬಿತ್ರೋ!" ಎಂದು ಕೂಗುತ್ತಾ ಕೈಯಲ್ಲಿದ್ದ ಹಾಲನ್ನೇ ಎರಚಲು ಹೊರಟಳು. ಮೈರಮ್ ಓಡಿಬಂದು ಬಕೆಟ್ ಹಿಡಿದುಕೊಂಡಳು.

"ಅತ್ತೆ, ಹೊಗೆ ಅಲ್ಲ, ಹಬೆ! ಹಬೆ ಅತ್ತೆ!"

ಅವಳು ರಾಶಿಯೊಳಗೆ ನೆಟ್ಟಿದ್ದ ಕಬ್ಬಿಣದ ಸರಳನ್ನು ಎಳೆದು ಅತ್ತೆಯ ಅಂಗೈಗೆ ಮುಟ್ಟಿಸಿದಳು. ಬುರುಲ್ ಕೈ ಕೊಡವಿದಳು. ಹೊರಗೆ ಉಗುಳಿದರೆ ನೆಲ ಮುಟ್ಟುವ ಮೊದಲೇ ಹೆಪ್ಪುಗಟ್ಟುವ ಚಳಿ. ಇಲ್ಲಿ ಒಲೆಯಿಲ್ಲ, ಕೆಂಡವಿಲ್ಲ, ಸರಳು ಚಹಾದ ಕೆಟಲಿನ ಹಾಗೆ ಸುಡುತ್ತಿದೆ. ಬುರುಲ್ ಅನುಮಾನದಿಂದ ಕಂಬಳಿಯ ತುದಿ ಎತ್ತಿ ಕೈ ತೂರಿಸಿದಳು. ಮೊಣಕೈವರೆಗೂ ತೂರಿಸಿದಳು. ಅವಳ ಮುಖ ನಿಧಾನವಾಗಿ ಸಡಿಲವಾಯಿತು.

"ಇದು ನನ್ನ ಸಗಣಿ ಅಲ್ಲ ತಾನೇ?"

"ಆಣೆ ಮಾಡಿ ಹೇಳ್ತೀನಿ, ಒಂದು ಹಿಡೀನೂ ಅಲ್ಲ."

"ಮತ್ತೆ ಯಾರ್ದು?"

ಮೈರಮ್ ಹುಲ್ಲಿನ ಗೋಣಿ, ಕಲ್ಲುಪ್ಪು ಎಲ್ಲವನ್ನೂ ಹೇಳಿದಳು. ಬುರುಲ್ ಬಾಯಿಗೆ ತಲೆವಸ್ತ್ರದ ತುದಿ ತುರುಕಿಕೊಂಡು, ಗೋಡೆ ಹಿಡಿದು, ಅಲ್ಲೇ ಕುಸಿದು ಕೂತು ನಕ್ಕಳು. ಕಣ್ಣೊರೆಸಿಕೊಂಡ ಮೇಲೆ ಅವಳಿಗೆ ಎರಡು ಸಂಗತಿ ಹೊಳೆದವು. "ಅಯ್ಯೋ, ನಿನ್ನ ಮಾವನಿಗೆ ಗೊತ್ತಾದ್ರೆ ಎದೆ ಒಡ್ಕೋತಾನೆ" ಎಂಬುದು ಒಂದು. ಇನ್ನೊಂದು, "ಇದು ನನ್ನ ತವರಿನ ಹಾಸಲ್ವೇನೇ, ಹಾಳಾದೋಳೇ!"

ಬೈಗುಳ ಮುಗಿದ ಮೇಲೆ ಅವಳು ಪೆಟ್ಟಿಗೆಯ ಮೇಲೊಂದು ಹಲಗೆ ಇಡಿಸಿದಳು. ಮರುದಿನದಿಂದ ಹಾಲು ಕರೆದಾದ ಮೇಲೆ ಆ ಹಲಗೆಯೇ ಅವಳ ಸಿಂಹಾಸನ. ಕುರಿಚರ್ಮದ ಕೋಟು ಹೊದ್ದು, ಚಹಾದ ಬಟ್ಟಲು ಹಿಡಿದು, ಕೆಳಗಿನಿಂದ ಬರುವ ಕಾವಿಗೆ ಮಂಡಿ ಒಡ್ಡಿ ಕೂರುತ್ತಿದ್ದಳು. ಎಷ್ಟೋ ವರ್ಷದ ಮಂಡಿನೋವು ಅಲ್ಲಿ ಕೂತಿರುವಷ್ಟು ಹೊತ್ತು ತಗ್ಗುತ್ತಿತ್ತಂತೆ. "ಎಲ್ಲಿಗೇ ಹೋಗ್ತಿ ದಿನಾ?" ಎಂದು ಬೇಶೆನ್ ಕೇಳಿದರೆ "ಹಸು ಜೊತೆ ಮಾತಾಡೋಕೆ" ಎನ್ನುತ್ತಿದ್ದಳು.

ಒಂದು ವಿಷಯದಲ್ಲಿ ಮಾತ್ರ ಬುರುಲ್ ಖಡಾಖಂಡಿತ. "ಹುಲ್ಲು ಇಡೋದು ಇವತ್ತಿಗೆ ಕೊನೆ. ನಮ್ಮ ಹಸು ಮಾರ್ಚ್‌ನಲ್ಲಿ ನಿನ್ನ ಗೊಬ್ಬರ ತಿನ್ಬೇಕಾ?" ಗೋಣಿ ಕಂಬದಿಂದ ಇಳಿಯಿತು. ಉಪ್ಪನ್ನೂ ಎತ್ತಿಟ್ಟಳು. ಆಯಿತು, ಇನ್ನು ಕುದುರೆ ಬರುವುದಿಲ್ಲ ಎಂದುಕೊಂಡಳು ಮೈರಮ್. ಇರುವ ರಾಶಿ ಸಾಕಷ್ಟು ದೊಡ್ಡದಾಗಿತ್ತು ಕೂಡ. ಆದರೆ ಸವಾರರು ಬರುವುದು ನಿಲ್ಲಲಿಲ್ಲ. ಬಂದರು, ಕಟ್ಟಿದರು, ಒಳಗೆ ಹೋಗಿ ಕೂತರು. ಮೈರಮ್ ಯಾಕೆಂದು ಯೋಚಿಸುವ ಗೋಜಿಗೆ ಹೋಗಲಿಲ್ಲ, ಬಕೆಟ್ ಎತ್ತಿಕೊಂಡಳು.

ಫೆಬ್ರವರಿಯಲ್ಲಿ ಊರ ಹಿರಿಯರ ನ್ಯಾಯಮಂಡಳಿಯಲ್ಲಿ ಒಂದು ಜಾಗ ಖಾಲಿಯಾಯಿತು. ಶಾರ್ಶೆನ್ ಹೊಸ ಬೂಟು ಹಾಕಿಕೊಂಡು ಸಭೆಗೆ ಬಂದ. ಅವನ ಹೆಸರು ಕೂಗಿದಾಗ ಅವನ ನೆಂಟರ ಕೈಗಳು ಮೇಲೆದ್ದವು. ಬೇಶೆನ್‌ನ ಹೆಸರನ್ನು ಯಾರೋ ಹಿಂದಿನಿಂದ ಕೂಗಿದರು. ಆಗ ಬೆಟ್ಟದಿಂದ ಬಂದ ಕುರಿಗಾಹಿಗಳೆಲ್ಲ ಕೈ ಎತ್ತಿದರು. ಅವರನ್ನು ನೋಡಿ ನಾವೂ ಎತ್ತಿದೆವು. ಆ ದಿನ ಗುರುವಾರ ಬುಧವಾರಕ್ಕಿಂತ ಮುಂದೆ ಬಂತು. ಬೇಶೆನ್ ಮನೆಗೆ ನಡೆದು ಹೋದ ರೀತಿ ನೋಡಿದ್ದರೆ ಅವನು ಕುದುರೆಯ ಮೇಲಿದ್ದಾನೆ ಎನ್ನಬೇಕು.

ಶಾರ್ಶೆನ್ ಸುಮ್ಮನೆ ಕೂರುವ ಆಸಾಮಿಯಲ್ಲ. ತನ್ನ ಮನೆಗೆ ಬರುತ್ತಿದ್ದ ಜನ ಅಷ್ಟೂ ಆ ಬಡ ಬಾಗಿಲಿಗೆ ಯಾಕೆ ಹೋದರು? ಅವನು ಪರದೆಯ ಹಿಂದೆ ನಿಂತು ಕಾದ. ಮೈರಮ್ ಬಕೆಟ್ ಹಿಡಿದು ಓಡಿದ್ದನ್ನು ಕಂಡ. ಕಂಬದ ಹಿಂದೆ ಹೋಗಿ ನೋಡಿದರೆ ಹಿಮದೊಳಗೆ ಹಳೆಯ ಹುಲ್ಲುಕಡ್ಡಿ, ಉಪ್ಪು ನೆಕ್ಕಿದ ಗುರುತು. ತನ್ನ ಕೆಂಗಂದು ಕುದುರೆಯ ಕಡೆ ತಿರುಗಿ "ಕೃತಘ್ನ!" ಎಂದ. ಅದು ಕಿವಿ ಅಲ್ಲಾಡಿಸಿತು.

ಹೀಗೆ ಹೊಸ ಅಕ್ಸಕಾಲ್ ಬೇಶೆನ್‌ನ ಮುಂದೆ ಬಂದ ಮೊದಲ ದೂರು ಅವನ ಸೊಸೆಯ ಮೇಲೆಯೇ. ಊರಾಡಳಿತದ ಕಚೇರಿಯ ಕೋಣೆಯಲ್ಲಿ ಕಬ್ಬಿಣದ ಒಲೆ ಉರಿಯುತ್ತಿತ್ತು. ನಾವೆಲ್ಲ ತುಂಬಿಕೊಂಡಿದ್ದೆವು. ಮೇಜಿನ ಹಿಂದೆ ಇಬ್ಬರು ಹಿರಿಯರು, ನಡುವೆ ಬೇಶೆನ್. ಸೊಸೆಯ ಮೇಲೆ ದೂರೆಂದು ಗೊತ್ತಿತ್ತೇ ಹೊರತು ಏನು ದೂರೆಂದು ಅವನಿಗೆ ಗೊತ್ತಿರಲಿಲ್ಲ.

"ಇವಳು ಕಳ್ಳಿ!" ಎಂದು ಶುರುಮಾಡಿದ ಶಾರ್ಶೆನ್. "ನನ್ನ ಕುದುರೆ ಲದ್ದಿ ಕದ್ದಿದ್ದಾಳೆ!"

ಕೋಣೆ ಗೊಳ್ಳೆಂದಿತು.

"ನಗ್ಬೇಡಿ! ಕುದುರೆ ನಂದು, ಅದು ತಿನ್ನೋ ಹುಲ್ಲು ನಂದು. ಮುಂದಿಂದ ಹೋಗೋದು ನಂದಾದ್ರೆ ಹಿಂದಿಂದ ಬರೋದು ಯಾರ್ದು? ಅಷ್ಟೇ ಅಲ್ಲ, ಕಂಬದ ಹಿಂದೆ ಹುಲ್ಲು ನೇತುಹಾಕಿ, ಉಪ್ಪು ಇಟ್ಟು, ನನ್ನ ಮನೆಗೆ ಬರೋ ಜನಾನ ಮೋಸದಿಂದ ಎಳ್ಕೊಂಡಿದ್ದಾಳೆ. ಏನೋ ಬೇಶೆನ್, ನಿನ್ನ ದರ್ಬಾರಿಗೆ ಜನ ಬಂದ್ರು ಅಂದ್ಕೊಂಡ್ಯಾ? ಕುದುರೆ ಬಂತು ಕಣೋ! ಜನ ಅದರ ಬೆನ್ನ ಮೇಲಿದ್ರು, ಅಷ್ಟೇ!"

ನಗು ಅಲ್ಲಿಗೇ ನಿಂತಿತು. ಬೇಶೆನ್‌ನ ಮುಖ ನೋಡಲಾಗಲಿಲ್ಲ. ಅವನು ಮೇಜಿನ ಮೇಲಿದ್ದ ತನ್ನ ಎರಡು ಕೈಗಳನ್ನು ಯಾರದೋ ಕೈಗಳ ಹಾಗೆ ನೋಡುತ್ತಾ ಕೂತ.

"ಹೇಳಮ್ಮ," ಎಂದರು ಪಕ್ಕದ ಹಿರಿಯರು. "ನಿಜವಾ?"

ಮೈರಮ್ ಎದ್ದು ನಿಂತು ತಲೆ ಬಾಗಿಸಿದಳು. "ಹುಲ್ಲು ಇಟ್ಟಿದ್ದು ನಿಜ, ಉಪ್ಪು ಇಟ್ಟಿದ್ದೂ ನಿಜ. ಮಂಗಳವಾರದ ಮಾರನೇ ದಿನ ಹುಟ್ಟಿದ ಮಾವನೋರ ಕುದುರೆಯೋರು ನಮ್ಮ ಬಾಗಿಲಿಗೆ ದಯಮಾಡ್ಸಿದ್ದೂ ನಿಜ. ದಯಮಾಡ್ಸಿ, ಬಿಟ್ಟು ಹೋಗಿದ್ದನ್ನ ನಾನು ಎತ್ಕೊಂಡಿದ್ದೂ ನಿಜ. ನಾನು ಕೇಳಿರ್ಲಿಲ್ಲ, ಅವ್ರೇ ಕೊಟ್ರು."

ಯಾರೋ ಕೆಮ್ಮಿದರು, ನಗು ಮುಚ್ಚಿಕೊಳ್ಳಲು. ಇಬ್ಬರು ಹಿರಿಯರೂ ಬೇಶೆನ್‌ನ ಕಡೆ ತಿರುಗಿದರು. ಹಿರಿಯಣ್ಣ ಒಂದು ಕಡೆ, ಸೊಸೆ ಒಂದು ಕಡೆ. ಇವನು ಎದ್ದು ಹೋಗುತ್ತಾನೆ ಎಂದೇ ನಾವೆಲ್ಲ ಅಂದುಕೊಂಡೆವು.

ಬೇಶೆನ್ ಗಡ್ಡ ನೀವಿಕೊಂಡ. ಮೇಲಿನಿಂದ ಕೆಳಕ್ಕೆ, ಮತ್ತೆ ಮೇಲಿನಿಂದ ಕೆಳಕ್ಕೆ.

"ಅಣ್ಣ ಹೇಳೋದು ನ್ಯಾಯ," ಎಂದ.

ಶಾರ್ಶೆನ್ ಎದೆ ಉಬ್ಬಿಸಿ ಸುತ್ತ ನೋಡಿದ.

"ಕುದುರೆ ಯಾರ್ದೋ ಲದ್ದಿ ಅವರ್ದೇ. ಇವತ್ತಿಂದ ಈ ಊರಿಗೆ ಇದೇ ನ್ಯಾಯ. ಹಂಗಾದ್ಮೇಲೆ ಯಾರ ಆಸ್ತಿ ಎಲ್ಲೇ ಬಿದ್ದಿರ್ಲಿ, ಅವ್ರೇ ಬಂದು ಎತ್ಕೊಂಡು ಹೋಗ್ಬೇಕು. ಅಂಗಡಿ ಮುಂದೆ, ಶಾಲೆ ಮುಂದೆ, ಮಸೀದಿ ದಾರೀಲಿ, ಎಲ್ಲಾ ಕಡೆ. ಬೇರೆಯವರ ಬಾಗಿಲಲ್ಲಿ ತಮ್ಮ ಆಸ್ತಿ ಬಿಟ್ಟು ಹೋಗೋದು ತಪ್ಪು. ಅಣ್ಣ, ಊರಲ್ಲಿ ಜಾಸ್ತಿ ಕುದುರೆ ಇರೋದು ನಿನ್ ಹತ್ರ ಅಲ್ವಾ?"

ಶಾರ್ಶೆನ್‌ನ ಎದೆ ಸ್ವಲ್ಪ ಇಳಿಯಿತು.

"ಚಳಿಗಾಲ ಪೂರ್ತಿ ಹೆಪ್ಪುಗಟ್ಟಿದ್ದು ಅಲ್ಲೇ ಇದೆ. ಹಾರೆ ಬೇಕಾಗುತ್ತೆ," ಎಂದು ಬೇಶೆನ್ ಕಳಕಳಿಯಿಂದ ಹೇಳಿದ. "ಇನ್ನು ನಮ್ಮನೇಲಿರೋ ನಿನ್ನ ಪಾಲು. ಈಗ್ಲೇ ಬಾ, ಗುರುತು ಹಿಡ್ಕೊಂಡು ತಗೊಂಡ್ಹೋಗು. ಬೇರೆಯವರ್ದು ಒಂದು ಉಂಡೆ ಬಂದ್ರೂ ಕಳ್ಳತನ ಆಗುತ್ತೆ ಮತ್ತೆ."

ಕೋಣೆ ಇಡೀ ಎದ್ದು ಬೇಶೆನ್‌ನ ಅಂಗಳಕ್ಕೆ ನಡೆಯಿತು. ಅಲ್ಲಿ ಬುರುಲ್ ತನ್ನ ಸಿಂಹಾಸನದ ಮೇಲೆ ಚಹಾ ಕುಡಿಯುತ್ತಾ ಕೂತಿದ್ದಳು. ಜನ ಕಂಡು ಗಡಬಡಿಸಿ ಇಳಿದಳು. ಮೈರಮ್ ಕಂಬಳಿ ಸರಿಸಿದಳು. ಕಂಬಳಿಯ ಕೆಳಗೆ ಹಳೆಯ ಕಿಟಕಿಯೊಂದರ ಗಾಜು ಇತ್ತು. ಗಾಜು ಎತ್ತಿದ ಕೂಡಲೇ ಹಬೆ ಎಲ್ಲರ ಮುಖಕ್ಕೆ ಬಂತು. ಕೊಳೆಯ ನಾತವಿರಲಿಲ್ಲ, ಮಳೆ ಬಿದ್ದ ಹೊಲದ ವಾಸನೆಯಿತ್ತು. ನಾಲ್ಕೂ ಕಡೆ ಹಿಮ, ನಡುವೆ ಕಪ್ಪು ಮಣ್ಣು, ಮಣ್ಣಿನ ಮೇಲೆ ಎರಡೆರಡು ಎಲೆಯ ಹಸಿರು ಚುಕ್ಕೆಗಳು. ಅಪ್ಪನ ಹಾಗೆ ಗಾಜಿನ ಕೆಳಗೆ ಅವಳು ಬಿತ್ತಿದ್ದ ಬೀಜ ಮೊಳೆತಿದ್ದನ್ನು ನಾವೆಲ್ಲ ಕತ್ತು ಚಾಚಿ ನೋಡಿದೆವು. ಹಸಿರು ನೋಡಿ ನಮಗೆಲ್ಲ ಅಷ್ಟು ದಿನವಾಗಿತ್ತು.

"ಹುಡುಕು ಅಣ್ಣ," ಎಂದ ಬೇಶೆನ್.

ಶಾರ್ಶೆನ್ ಕೈಗವಸು ಕಿತ್ತು ರಾಶಿಯ ಮಗ್ಗುಲಿಗೆ ಕೈ ತೂರಿಸಿದ. ತೂರಿಸಿದ ಕೈ ಹೊರಗೆ ಬರಲಿಲ್ಲ. ನಾವು ಕಾದೆವು. ಅವನು ಇನ್ನೊಂದು ಕೈಗವಸನ್ನೂ ಕಿತ್ತು ಆ ಕೈಯನ್ನೂ ತೂರಿಸಿದ.

"ಸಿಕ್ತಾ?"

"ಇನ್ನೂ... ಇಲ್ಲ," ಎಂದ ಶಾರ್ಶೆನ್ ಕಣ್ಣು ಅರೆಮುಚ್ಚಿ. "ಸ್ವಲ್ಪ ತಡಿ."

ಆಗ ಎಲ್ಲರೂ ಮುಂದೆ ನುಗ್ಗಿದರು. ಹಿರಿಯರಿಬ್ಬರೂ ಕೈ ತೂರಿಸಿದರು, ಕುರಿಗಾಹಿಗಳು ತೂರಿಸಿದರು, ನಾನೂ ತೂರಿಸಿದೆ. ಹಸುಗೂಸಿನ ಬಗಲಿನಷ್ಟು ಬೆಚ್ಚಗಿತ್ತು. ಶಾರ್ಶೆನ್ ಕಡೆಗೂ ಒಂದು ಕೈ ಎಳೆದುಕೊಂಡ. ಯಾರೂ ನೋಡುತ್ತಿಲ್ಲವೆಂದುಕೊಂಡು ಒಂದು ಕೊತ್ತಂಬರಿ ಸಸಿ ಕಿತ್ತು ಬಾಯಿಗೆ ಹಾಕಿಕೊಂಡ.

"ನೋಡ್ದೆ!" ಎಂದಳು ಬುರುಲ್.

"ನನ್ನ ಪಾಲು," ಎಂದ ಶಾರ್ಶೆನ್ ಅಗಿಯುತ್ತಾ. ಆಮೇಲೆ ದನಿ ತಗ್ಗಿಸಿ, "ಲೋ ಬೇಶೆನ್, ಆ ರಸ್ತೇದು... ಅದನ್ನೆಲ್ಲ ನಿನ್ನ ಸೊಸೆಗೆ ದಾನ ಕೊಟ್ಟೆ ಅಂತ ಬರ್ಕೋ."

"ಬಿದ್ದಿದ್ದನ್ನ ದಾನ ಕೊಡೋಕಾಗಲ್ಲ ಅಣ್ಣ. ಎತ್ತಿ ತಂದು ಕೊಟ್ರೆ ದಾನ."

ಜನ ಚದುರಿದರು. ಬೇಶೆನ್ ಒಳಗೆ ಹೋಗಿ ಟೋಪಿ ತೆಗೆದು ಗೋಡೆಗೆ ಮುಖ ಮಾಡಿ ಕೂತ. ನಗೆಯ ಬಿಸಿ ಆರಿದ ಮೇಲೆ ಕುದುರೆ ಬಂತು ಎಂಬ ಅಣ್ಣನ ಮಾತು ಒಳಗಿಳಿದಿತ್ತು. ಇದನ್ನು ಬುರುಲ್ ನನ್ನ ಹೆಂಡತಿಗೆ ಆಮೇಲೆ ಹೇಳಿದಳು. ಮೈರಮ್ ಚಹಾ ತಂದು ಇಟ್ಟು, ಹೋಗದೆ ನಿಂತಳಂತೆ.

"ತಪ್ಪಾಯ್ತು ಮಾವ."

"ಎಲ್ಲರೂ ಹುಲ್ಲಿಗೇ ಬಂದ್ರಾ?" ಎಂದ ಬೇಶೆನ್ ತಿರುಗದೆ.

ಮೈರಮ್ ಅತ್ತೆಯ ಕಡೆ ನೋಡಿದಳು. ಬುರುಲ್‌ಳೇ ಬಾಯಿ ಹಾಕಿದಳು. "ಹುಲ್ಲಿಡೋದನ್ನ ನಾನು ನಿಲ್ಸಿದ್ದು ಜನವರೀಲಿ. ಮುದುಕ, ಇದು ಮಾರ್ಚ್. ಆಮೇಲೆ ಒಂದು ಕಡ್ಡಿನೂ ಇಟ್ಟಿಲ್ಲ. ನಿನ್ನೆ ಬಂದೋರು ಯಾವ ಹುಲ್ಲಿಗೆ ಬಂದ್ರು?"

ಬೇಶೆನ್ ತಿರುಗಿದ.

"ಹಂಗಾದ್ರೆ ನಿನ್ನ ಬೋರ್ಸೋಕ್‌ಗೆ ಬರ್ತಿದ್ದಾರೆ."

"ಬರ್ಲಿ ಬಿಡು. ನಾನು ಕರಿಯೋದು ನಿನ್ನ ಮನೇಲಿ ತಾನೇ?"

ಬೇಶೆನ್‌ನ ಗಡ್ಡದೊಳಗೆ ಏನೋ ಅಲುಗಾಡಿತು. ಮೈರಮ್‌ಳ ಕಡೆ ಕೈ ತೋರಿಸಿ, "ಇವಳ ಅಪ್ಪ ನನ್ನ ಕುದುರೆ ತಗೊಂಡು ಇವಳನ್ನ ಕೊಟ್ಟ. ಲಾಭ ಯಾರಿಗಾಯ್ತೋ ಇನ್ನೂ ಗೊತ್ತಾಗ್ತಿಲ್ಲ," ಎಂದು ಚಹಾ ಎತ್ತಿಕೊಂಡ.

ಹೊಸ ವರ್ಷದ ನೌರೂಜ್ ಹಬ್ಬದ ದಿನ ಹೊರಗೆ ಇನ್ನೂ ಹಿಮವಿತ್ತು. ಬೇಶೆನ್‌ನ ಮನೆಯ ಮೇಜಿನ ಮೇಲೆ ಒಂದು ಬಟ್ಟಲು ಕೊತ್ತಂಬರಿ, ಎಳೆ ಈರುಳ್ಳಿ ಸೊಪ್ಪು. ಒಬ್ಬೊಬ್ಬರಿಗೂ ಎರಡು ಎಳೆ ಬಂದಿತೇನೋ. ಅಷ್ಟನ್ನೇ ಶಾರ್ಶೆನ್ ಎರಡು ಸಲ ಬಂದು ತಿಂದ.

ಏಪ್ರಿಲ್‌ನಲ್ಲಿ ಹಿಮ ಕರಗಿತು, ಚಳಿಗಾಲವಿಡೀ ಹೆಪ್ಪುಗಟ್ಟಿದ್ದೆಲ್ಲ ರಸ್ತೆಯ ಮೇಲೆ ಬಾಯಿಬಿಟ್ಟಿತು. ನ್ಯಾಯಮಂಡಳಿಯ ತೀರ್ಪು ಜಾರಿಯಲ್ಲಿತ್ತು. ಕುರಿಗಾಹಿಗಳು ಹಾರೆ, ಸಲಿಕೆ ಹಿಡಿದು ತಮ್ಮ ತಮ್ಮ ಆಸ್ತಿ ಬಾಚಿ ಗೋಣಿಗೆ ತುಂಬಿದರು. ತುಂಬಿದ ಮೇಲೆ ಎಲ್ಲಿಗೆ ಒಯ್ಯುವುದು? ಎಲ್ಲ ಗೋಣಿಯೂ ಬೇಶೆನ್‌ನ ಬಾಗಿಲಿಗೆ. ಕಡೆಯಲ್ಲಿ ಶಾರ್ಶೆನ್ ಕೂಡ ಮುಖ ಗಂಟು ಹಾಕಿಕೊಂಡು ಗಾಡಿ ತುಂಬ ತಂದ.

"ಹಿಂದೆ ಜನ ಅತಿಥಿಯಾಗಿ ಬರುವಾಗ ಸಕ್ಕರೆ ತರೋರು," ಎಂದು ಬುರುಲ್ ಗೊಣಗುತ್ತಾ ಹಿಟ್ಟು ಕಲಸಲು ಒಳಗೆ ಹೋದಳು. ಬೇಶೆನ್ ಟೋಪಿ ಸರಿಮಾಡಿಕೊಂಡು ಬಾಗಿಲಿಗೆ ಬಂದ. ಅಣ್ಣ ಚಾಚಿದ ಮೊದಲ ಗೋಣಿಯನ್ನು, ಹಿರಿಯರು ಕೊಟ್ಟದ್ದನ್ನು ಹೇಗೆ ಸ್ವೀಕರಿಸಬೇಕೋ ಹಾಗೆ, ಎರಡೂ ಕೈಯಲ್ಲಿ ಈಸಿಕೊಂಡ.